ಒಂದೇ ಚಾನೆಲ್‌ನಲ್ಲಿ ನಾವಿಬ್ಬರು

"ರೀ... ಆ ಡಬ್ಬಿಗೆ ಕೈ ಹಚ್ಚಬ್ಯಾಡ್ರಿ!"

ಮೆಟ್ಟಿಲು ಹತ್ತಿ ಬಂದ ನೀಲಾಂಬಿಕಾಳ ಕೂಗಿಗೆ ತಾರಸಿಯ ಮೇಲಿದ್ದ ಯುವಕ ಬೆಚ್ಚಿಬಿದ್ದ. ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅವಳ ಬಿಳಿ ಡಬ್ಬಿ ಕಂಬದಿಂದ ಅರ್ಧ ಬಿಚ್ಚಿಕೊಂಡು ಓಲಾಡುತ್ತಿತ್ತು.

"ಓ, ಇದು ನಿಮ್ದಾ ಮೇಡಂ? ಇದು ಬಂದಾಗಿಂದ ನನ್ನ ಡಬ್ಬಿ ಮೆಸೇಜೇ ಹೋಗ್ತಿಲ್ಲ! ಅಪಾರ್ಟ್‌ಮೆಂಟ್‌ನೋರು ಫೋನ್ ಮಾಡಿ ಮಾಡಿ ತಲೆ ತಿಂತಾ ಇದಾರೆ."

"ನಂದು ರಾಜಕಾಲುವಿ ನೀರು ಏರಿದ್ರ ಮಂದಿಗೆ ಹೇಳೂ ಡಬ್ಬಿರಿ! ಮಳ್ಯಾಗ ಇದು ಸುಮ್ನ ಕುಂತ್ರ ಕೆಳಗಿನ ಓಣ್ಯಾಗ ಮುದುಕ್ರು, ಕೂಸು ನೀರಾಗ ನಿಂದರ್ತಾರ. ತಿಳೀತೇನ್ರಿ?"

ಸಿಟ್ಟಿನಲ್ಲೇ ಅವಳು ಓಲಾಡುತ್ತಿದ್ದ ಡಬ್ಬಿಗೆ ಕೈ ಆಸರೆ ಕೊಟ್ಟಳು. ಅವನು ಸ್ಕ್ರೂಡ್ರೈವರ್ ಕೆಳಗಿಳಿಸಿದ.

"ಲೋ ಭೈರಾ! ಆ ಹುಡ್ಗಿಗೆ ನಾನೇ ಜಾಗ ಕೊಟ್ಟಿದ್ದು ಕಣ್ಲಾ!" ಕೆಳಗಿನಿಂದ ಮನೆಯೊಡತಿ ಬೋರಮ್ಮನ ಗದರಿಕೆ ಕೇಳಿತು. "ಮೊಮ್ಮಗ ಅಂತ ಸುಮ್ಕಿರಾಕಿಲ್ಲ, ನೋಡು!"

ಭೈರೇಶ್ ನಾಲಿಗೆ ಕಚ್ಚಿಕೊಂಡು ಡಬ್ಬಿಯನ್ನು ಮತ್ತೆ ಬಿಗಿದ.

ನೀಲಾಂಬಿಕಾ ಬಾಗಲಕೋಟೆ ಕಡೆಯವಳು. ಓದು ಮುಗಿಸಿ, ರಾಜರಾಜೇಶ್ವರಿನಗರದ ಒಂದು ಪುಟ್ಟ ಕಂಪನಿ ಸೇರಿದ್ದಳು. ಅನ್ನಪೂರ್ಣೇಶ್ವರಿ ನಗರದ ಕಾಲುವೆಯುದ್ದಕ್ಕೂ ಅವಳು ಕೂರಿಸಿದ್ದ ಡಬ್ಬಿಗಳು ನೀರಿನ ಮಟ್ಟವನ್ನು ಒಂದರಿಂದ ಒಂದಕ್ಕೆ ದಾಟಿಸಿ, ತಗ್ಗಿನ ಓಣಿಯ ಜನರ ಫೋನಿಗೆ ಮುಟ್ಟಿಸಬೇಕಿತ್ತು. ಭೈರೇಶನದು ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ವರ್ಕ್‌ಶಾಪ್. ಅಪಾರ್ಟ್‌ಮೆಂಟ್‌ಗಳ ಸಂಪಿನಲ್ಲಿ ನೀರೆಷ್ಟಿದೆ ಎಂದು ಹೇಳುವ ಡಬ್ಬಿಗಳು ಅವನವು.

ಇಬ್ಬರ ಡಬ್ಬಿಗಳದೂ ಗಾಳಿಯಲ್ಲಿ ಒಂದೇ ರೇಡಿಯೊ ಚಾನೆಲ್. ಯಾರು ಯಾವಾಗ ಮಾತಾಡಬೇಕೆಂದು ಹೇಳಲು ಅಲ್ಲಿ ಟವರ್ ಇಲ್ಲ, ಯಜಮಾನನಿಲ್ಲ. ಎರಡು ಡಬ್ಬಿಗಳು ಒಟ್ಟಿಗೆ ಬಾಯಿ ತೆರೆದರೆ ಎರಡರ ಮಾತೂ ಹಾಳು!

"ಪಕ್ಕದ ಡಬ್ಬಿ ಮಾತಾಡ್ತಿದ್ರೆ ಕಾಯೋ ಹಾಗೆ ಮಾಡಿದ್ರೆ ಆಯ್ತಲ್ವಾ?" ಎಂದು ಮರುದಿನ ಕೇಳಿದ ಭೈರೇಶ್. ತಪ್ಪಿಗೆ ಪರಿಹಾರವಾಗಿ ಬಿಸಿ ಮಸಾಲೆ ವಡೆ ಕಟ್ಟಿಸಿಕೊಂಡು ಬಂದಿದ್ದ.

"ಸಾಲಂಗಿಲ್ರಿ. ಆ ತುದಿ ಡಬ್ಬಿ ಮಾತು ಈ ತುದಿ ಡಬ್ಬಿಗೆ ಕೇಳಂಗಿಲ್ಲ. ಆದ್ರ ನಡುವಿಂದಕ್ಕ ಎರಡೂ ಕೇಳ್ತಾವ, ಅಲ್ಲೇ ಗುದ್ದಾಡ್ತಾವ. ಪಕ್ಕದೋರ ಪಕ್ಕದೋರ್ದೂ ಸರದಿ ತಿಳ್ಕೊಂಡು ತನ್ನ ಸರದಿ ಆರಿಸ್ಕೋಬೇಕು, ಪ್ರತಿಯೊಂದು ಡಬ್ಬಿನೂ."

"ಎಲ್ಲಾನೂ ತಾನೇ ತೀರ್ಮಾನ ಮಾಡ್ಕೊಳ್ಳತ್ತಾ? ಸೂಪರ್ ಕಣ್ರೀ!"

ಅವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲಿನ ಭಾನುವಾರಗಳೆಲ್ಲ ಅವನ ಸ್ಕೂಟರಿನಲ್ಲೇ ಕಳೆದವು. ತಾರಸಿಯಿಂದ ತಾರಸಿಗೆ ಹತ್ತಿ ಇಳಿದು, ಡಬ್ಬಿಗಳಿಗೆ ಹೊಸ ಸರದಿ ಕಲಿಸಿದರು. ಅವಳ ಡಬ್ಬಿಗಳ ನಡುವೆ ದೂರ ಹೆಚ್ಚಿದ್ದ ಕಡೆ ಅವಳ ಎಚ್ಚರಿಕೆಯನ್ನು ಅವನ ಡಬ್ಬಿಗಳು ದಾಟಿಸಬೇಕೆಂದು ಒಪ್ಪಂದವಾಯಿತು. ಭೈರೇಶ್ ದಾರಿಯುದ್ದಕ್ಕೂ ಮಾತಾಡುತ್ತಿದ್ದ. ಈ ಬಡಾವಣೆ ರಾಗಿ ಹೊಲವಾಗಿದ್ದದ್ದು, ಅಜ್ಜಿ ಎಮ್ಮೆ ಕಟ್ಟುತ್ತಿದ್ದ ಜಾಗ, ತಾನು ಈಜು ಕಲಿತ ಬಾವಿ...

'ಇವ್ನ ಮಾತು ಮುಗೀಬಾರ್ದು' ಎನಿಸುತ್ತಿತ್ತು ಅವಳಿಗೆ. ಹೇಳಲು ಮಾತ್ರ ನಾಚಿಕೆ!

ಒಂದು ಸಂಜೆ ತಾರಸಿಯಲ್ಲಿ ಅವಳು ಒಬ್ಬಳೇ ಇದ್ದಾಗ ತಾಯಿ ಹೊನ್ನವ್ವ ಫೋನ್ ಮಾಡಿದಳು. ತಾನು ನೋಡಿದ್ದ ಹುಬ್ಬಳ್ಳಿಯ ವರನ ಜೊತೆ ಮಾತಾಡಿದೆಯಾ ಎಂದು ಕೇಳಿದಳು.

"ಆ ಮನುಷ್ಯಾ ನನಗ ಬ್ಯಾಡವ್ವಾ! ಬಾಯಿ ತೆರೆದ್ರ ಮುಚ್ಚಂಗಿಲ್ಲ. ಬರೀ ತನ್ನ ಪುರಾಣ. ತಲಿ ಸಿಡ್ಯಾಕತ್ತೈತಿ ನನಗ..."

ಅವಳಿಗೆ ಬೆನ್ನ ಹಿಂದೆ ಮೆಟ್ಟಿಲಲ್ಲಿ ಭೈರೇಶ್ ನಿಂತಿದ್ದು ತಿಳಿಯಲಿಲ್ಲ. ವರನ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಅವನ ಕಿವಿಗೆ ಬಿದ್ದದ್ದು ಇಷ್ಟೇ ಮಾತು.

ಸದ್ದಿಲ್ಲದೆ ಕೆಳಗಿಳಿದು ಹೋದ.

ಮುಂದಿನ ಭಾನುವಾರ ಸ್ಕೂಟರ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ! ಫೋನ್ ಮಾಡಿದರೆ, "ಸ್ವಲ್ಪ ಕೆಲ್ಸ ಇದೆ ಮೇಡಂ, ಆಮೇಲೆ ಮಾತಾಡ್ತೀನಿ" ಎಂದು ಮೆಲ್ಲಗೆ ಕಟ್ ಮಾಡಿದ. ಚಾನೆಲ್‌ನಲ್ಲಿ ಅವನ ಡಬ್ಬಿಗಳ ಸದ್ದೂ ನಿಂತಿತ್ತು.

'ಕೆಲಸ ಮುಗೀತು, ಗುರ್ತೂ ಮುಗೀತು... ಅಷ್ಟೇನಾ ನಾನು ಅವ್ರಿಗೆ?' ಮನಸ್ಸು ಭಾರವಾಯಿತು. ತಾನೂ ಫೋನ್ ಮಾಡುವುದನ್ನು ಬಿಟ್ಟಳು.

ಒಂದು ಮಧ್ಯಾಹ್ನ ಮಾಗಡಿ ರಸ್ತೆ ಕಡೆಯಿಂದ ಮೋಡ ಕವಿದು ಮಳೆ ಸುರಿಯಿತು. ಆಫೀಸಿನಲ್ಲಿದ್ದ ನೀಲಾಂಬಿಕಾ ಕುರ್ಚಿ ಬಿಟ್ಟು ಎದ್ದಳು. ಅವನ ಡಬ್ಬಿಗಳು ಸತ್ತಿದ್ದರೆ ತನ್ನ ಎಚ್ಚರಿಕೆ ಓಣಿಗೆ ಮುಟ್ಟುವುದು ಹೇಗೆ?

ಆಟೋ ಹಿಡಿದು ಓಡಿದಳು.

ಓಣಿಯವರು ಆಗಲೇ ಸಾಮಾನನ್ನು ಮಾಳಿಗೆಗೆ ಸಾಗಿಸಿ, ಮುದುಕರನ್ನು ಮೇಲೆ ಕೂರಿಸಿದ್ದರು! "ಮೆಸೇಜ್ ಬಂತಲ್ಲ ಮೇಡಂ, ನೀರ್ ಬರೋ ಮುಂಚೇನೇ!"

ಹೇಗೆ ಸಾಧ್ಯ? ಬೋರಮ್ಮನ ತಾರಸಿಗೆ ಹತ್ತಿದಳು. ಭೈರೇಶನ ಡಬ್ಬಿಯ ಹಸಿರು ದೀಪ ಮಿನುಗುತ್ತಿತ್ತು. ಬೇರೆಯವರ ಮಾತು ದಾಟಿಸುವಾಗ ಮಾತ್ರ ಉರಿಯುವ ದೀಪ ಅದು. ತನ್ನ ಮಾತಿನ ಕೆಂಪು ದೀಪವನ್ನು ಅವನು ಪೂರ್ತಿ ಆರಿಸಿಬಿಟ್ಟಿದ್ದ.

"ನಿನ್ ಡಬ್ಬಿಗೆ ತೊಂದ್ರೆ ಆಗ್ಬಾರ್ದಂತೆ ಕಣವ್ವಾ," ಎಂದಳು ಹಿಂದೆಯೇ ಮೇಲೆ ಬಂದ ಬೋರಮ್ಮ. "ದಿನಾ ಬೆಳಗಾದ್ರೆ ತಾನೇ ಹೋಗಿ ಎಲ್ಲಾರ್ ಸಂಪೂ ಬಗ್ಗಿ ನೋಡ್ಕೊಂಡ್ ಬತ್ತಾವ್ನೆ. ಮನೇಲೂ ಮಾತಿಲ್ಲ, ಕತೆಯಿಲ್ಲ. ಏನಾಯ್ತೋ, ಶಿವನೇ!"

ಅವಳು ಅಲ್ಲಿ ನಿಲ್ಲಲಿಲ್ಲ.

ಮಳೆ ಹೊಳವಾಗುವ ಹೊತ್ತಿಗೆ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದಳು, ಸೀರೆಯ ಅಂಚೆಲ್ಲ ಕೆಸರು.

"ನೀವು... ಇಲ್ಲಿ?" ಭೈರೇಶ್ ಎದ್ದು ನಿಂತ.

"ಡಬ್ಬಿ ಬಾಯಿ ಯಾಕ ಮುಚ್ಚಿದ್ರಿ? ನಾ ಕೇಳಿದ್ನೇನ್ರಿ?"

ಅವನು ತಲೆ ತಗ್ಗಿಸಿದ. "ನಿಮ್ಮ ತಾಯಿ ಹತ್ರ ಹೇಳ್ತಾ ಇದ್ರಲ್ಲ... ನನ್ನ ಮಾತು ಕೇಳಿ ತಲೆ ಸಿಡೀತಿದೆ, ಬೇಡ ಅಂತ. ನನ್ನಿಂದ ನಿಮ್ಗೆ ಹಿಂಸೆ ಆಗ್ಬಾರ್ದು ಅನ್ಸ್ತು. ಅಷ್ಟೇ."

ನೀಲಾಂಬಿಕಾಳಿಗೆ ನಗು, ಅಳು ಒಟ್ಟಿಗೇ ಉಕ್ಕಿತು!

"ಅಯ್ಯ... ಅದು ಹುಬ್ಬಳ್ಳಿ ವರನ ಮಾತು ರೀ! ಅವ್ವ ತೋರಿಸಿದ ಹುಡುಗ. ಅವನ್ನ ಬ್ಯಾಡಂದೆ. ಯಾಕ ಬ್ಯಾಡ ಅಂತ ಅವ್ವ ಕೇಳಿದ್ಲು, ಖರೇ ಕಾರಣ ಹೇಳಾಕ ಬಾಯಿ ಬರ್ಲಿಲ್ಲ..."

"ಖರೇ ಕಾರಣ... ಏನು?"

ಅವಳು ಕಣ್ಣೊರೆಸಿಕೊಂಡಳು.

"ನೀವಽ ರಿ."

ಹೊರಗೆ ಬಸ್ಸೊಂದು ಹಾರ್ನ್ ಬಾರಿಸುತ್ತಾ ಹೋಯಿತು. ಇಬ್ಬರಿಗೂ ಕೇಳಿಸಲಿಲ್ಲ.

ಭೈರೇಶ್ ಹತ್ತಿರ ಬಂದು ಅವಳ ತಣ್ಣನೆಯ ಕೈ ಹಿಡಿದುಕೊಂಡ. "ನನ್ನ ಮದ್ವೆ ಆಗ್ತೀರಾ?"

"ಹ್ಞೂಂ..."

"ಹಾಗಾದ್ರೆ ಇನ್ಮೇಲೆ ಈ ರೀ, ಗೀ ಎಲ್ಲಾ ಬೇಡ. ಹೆಸ್ರಿಡ್ದು ಕರೀಬೇಕು ನೀವು."

"ಅದೊಂದು ಆಗಂಗಿಲ್ಲ ನೋಡ್ರಿ."

"ಯಾಕೆ?"

ಅವಳು ಕೆಂಪಾಗಿ, ಅವನ ಭುಜಕ್ಕೆ ಮುಖ ಮರೆಸಿಕೊಂಡಳು.

"ಮದುವಿ ಆದಮ್ಯಾಲ ಗಂಡಗ ಮತ್ತೇನಂತ ಕರೀತಾರ... ರೀ?"