ಗಂಡಿನ ಮನೆ ಕಾಬೂಲಿನಲ್ಲಿ

"ನೀವಾ? ಇಲ್ಲಿ ಎಂತ ಮಾಡ್ತಿದ್ದೀರಿ?"

ಕೊಲ್ಲಿನಾಡಿನ ಮನಾಮಾ ನಗರದ ಕೃಷ್ಣನ ಗುಡಿಯಲ್ಲಿ ಶರ್ಮಿಳಾ ಅವನೊಡನೆ ಆಡಿದ ಮೊದಲ ಮಾತು ಇದು, ಅದೂ ಹಿಂದಿಯಲ್ಲಿ. ಮುಹರ್ರಕ್ ಬಸ್ಸಿನಲ್ಲಿ ದಿನವೂ ಡ್ರೈವರನ ಜೊತೆ ಪಶ್ತೋದಲ್ಲಿ ಹರಟುತ್ತಿದ್ದ ಈ ಎತ್ತರದ ಹುಡುಗನನ್ನು ಅವಳು ಪಠಾಣನೆಂದೇ ತಿಳಿದಿದ್ದಳು.

"ದೇವರ ಹತ್ತಿರ ಸ್ವಲ್ಪ ಜಗಳ ಇತ್ತು," ಎಂದ ಅವನು, ಪ್ರಸಾದಕ್ಕೆ ಎರಡನೇ ಸಲ ಕೈಯೊಡ್ಡುತ್ತಾ. "ಮುಗಿಯಿತು. ಇನ್ನು ನಿಮ್ಮ ಹತ್ತಿರ ಮಾಡಬಹುದು."

ಹೆಸರು ಇಂದರ್. ಕಾಬೂಲಿನ ಹಿಂದೂ, ತಲೆಮಾರುಗಳಿಂದ ಅಲ್ಲೇ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಮನೆತನ. ತೊಂಬತ್ತೆರಡರಲ್ಲಿ ಊರಿನ ತುಂಬಾ ರಾಕೆಟ್ಟುಗಳು ಬೀಳತೊಡಗಿದಾಗ ತಾಯಿಯನ್ನು ಕೈ ಹಿಡಿದು ನಡೆಸಿಕೊಂಡು ಸಾವಿರಾರು ಜನರ ಜೊತೆ ಪೇಶಾವರದ ದಾರಿ ಹಿಡಿದವನು. ಈಗ ಮನಾಮಾ ಸೂಕ್‌ನ ಪೇಟೆಬೀದಿಯ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ತಾಯಿಯೊಡನೆ ಒಂದೇ ಕೋಣೆಯಲ್ಲಿ ಬಾಡಿಗೆಗೆ ವಾಸ. ಊರಿನ ಮಾತು ಬಂದಾಗ ಅವನು ತಲೆ ತಗ್ಗಿಸಿದ್ದನ್ನು ಶರ್ಮಿಳಾ ನೋಡಿಯೇ ಇರಲಿಲ್ಲ. "ಓಡಿಸಿದರು, ಬಂದೆ. ಮನೆ ಮಾತ್ರ ಅವರಿಗೆ ಬಿಟ್ಟುಕೊಟ್ಟಿಲ್ಲ," ಎನ್ನುತ್ತಿದ್ದ. ಆ ಸೊಕ್ಕಿಗೇ ಅವಳು ಸೋತದ್ದು.

ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿ ಅವಳ ಕೆಲಸ. ಸಂಜೆ ಬಸ್ ಹತ್ತಿದರೆ ಅವನ ಪಕ್ಕದ ಸೀಟಿನಲ್ಲಿ ಅವನ ಟಿಫಿನ್ ಡಬ್ಬಿ ಕೂತಿರುತ್ತಿತ್ತು.

"ರಿಸರ್ವ್ಡ್," ಎಂದು ಗಂಭೀರವಾಗಿ ಹೇಳಿ, ಅವಳ ಮುಖ ಸಣ್ಣದಾಗುವುದನ್ನು ಕಣ್ತುಂಬ ನೋಡಿ, ಆಮೇಲೆ ಡಬ್ಬಿ ತೆಗೆಯುತ್ತಿದ್ದ. ಕಾಸ್‌ವೇ ಸೇತುವೆ ದಾಟುವಷ್ಟು ಹೊತ್ತು ಇಬ್ಬರದೂ ಸಮುದ್ರ ನೋಡುವ ನಾಟಕ. ಕಿಟಕಿಯ ಗಾಜಿನಲ್ಲಿ ಅವನು ನೋಡುತ್ತಿದ್ದುದು ತನ್ನನ್ನೇ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಅದು ಹೇಗೆ ಗೊತ್ತಾಯಿತೆಂದು ಅವನು ಕೇಳಲೂ ಇಲ್ಲ.

ತೊಂಬತ್ತಾರರಲ್ಲಿ ಮನೆಯಲ್ಲಿ ವಿಷಯ ಹೇಳಿದಳು. ಅಪ್ಪ ತಾರಾನಾಥ ಉಡುಪಿ ಕಡೆಯವರು, ಮುಹರ್ರಕ್‌ನಲ್ಲಿ ಹಾರ್ಡ್‌ವೇರ್ ಅಂಗಡಿ. ಕೂಗಾಡಲಿಲ್ಲ. "ಗಂಡಿನ ಮನೆ ನೋಡದೆ ಹೆಣ್ಣು ಕೊಡುವ ಕ್ರಮ ನಮ್ಮಲ್ಲಿಲ್ಲ. ಅವನ ಮನೆ ಎಲ್ಲಿ ಉಂಟು?" ಎಂದಷ್ಟೇ ಕೇಳಿದರು. ಅದೇ ವಾರ ತಾಲಿಬಾನ್ ಕಾಬೂಲ್ ಹಿಡಿದ ಸುದ್ದಿ ಟಿವಿಯಲ್ಲಿ ಬಂತು. ಇನ್ನು ಮನೆ ತೋರಿಸುವ ಮಾತೆಲ್ಲಿ!

ಉಪಾಯ ಹುಡುಕಿದವನು ಸೋದರಮಾವ ಶ್ಯಾಮಸುಂದರ. "ಅರಾದ್‌ನಲ್ಲಿ ನನ್ನ ದೋಸ್ತಿಯ ಫ್ಲ್ಯಾಟ್ ಖಾಲಿ ಉಂಟು. ಶುಕ್ರವಾರ ಅದನ್ನೇ ಹುಡುಗನ ಮನೆ ಅಂತ ತೋರಿಸುವ. ಭಾವನಿಗೆ ಎಂತ ಗೊತ್ತಾಗ್ತದೆ?"

ಇಂದರ್ ಸುತರಾಂ ಒಪ್ಪಲಿಲ್ಲ. ಶರ್ಮಿಳಾ ಅತ್ತಳು. ಅವಳು ಅತ್ತಳೆಂದು ಒಪ್ಪಿದ.

ಶುಕ್ರವಾರ ಆ ಫ್ಲ್ಯಾಟಿನ ಸೋಫಾದಲ್ಲಿ ಅಪ್ಪ, ಅಮ್ಮ ಉಮಾವತಿ, ಮಾವ ಕೂತರು. ಒಳಗೆ ಇಂದರನ ತಾಯಿ ಸಕ್ಕರೆ ಹುಡುಕುತ್ತಾ ಒಂದೊಂದೇ ಕಪಾಟು ತೆರೆಯುವ ಸದ್ದು ಕೇಳುತ್ತಿತ್ತು.

"ಲಾಯ್ಕ ಉಂಟು," ಎಂದರು ಅಪ್ಪ. "ಈ ಮನೆಗೆ ಬಂದು ಎಷ್ಟು ವರ್ಷ ಆಯ್ತು?"

ಇಂದರ್ ತಲೆ ತಗ್ಗಿಸಿದ.

ಶರ್ಮಿಳಾ ಅದನ್ನು ನೋಡಿದಳು. ರಾಕೆಟ್ಟುಗಳಿಗೂ ಬಗ್ಗದ ತಲೆಯನ್ನು ಬಗ್ಗಿಸಿದ್ದು ತಾನು.

"ಅಪ್ಪ, ಇದು ಇವರ ಮನೆಯಲ್ಲ." ಅವಳು ಎದ್ದು ನಿಂತಿದ್ದಳು. "ಸುಳ್ಳು ಹೇಳಿಸಿದ್ದು ನಾನು. ಇವರ ಮನೆ ಕಾಬೂಲಿನಲ್ಲಿ ಉಂಟು. ಬಂದೂಕು ಹಿಡಿದವರು ಇವರನ್ನು ಓಡಿಸಿದರು. ನಾಚಿಕೆ ಆಗಬೇಕಾದ್ದು ಓಡಿಸಿದವರಿಗೆ, ಓಡಿ ಬಂದವರಿಗಲ್ಲ. ನೀವು ಹೂಂ ಅನ್ನಿ, ಬಿಡಿ, ನಾನು ಮದುವೆ ಆಗುವುದು ಇವರನ್ನೇ."

ಮಾವ ಸುಮ್ಮಸುಮ್ಮನೆ ಕೆಮ್ಮಿದ. ಅಪ್ಪನ ಮುಖ ಕೆಂಪಾಯಿತು. "ಏಳು ಉಮಾ, ಹೋಗುವ," ಎಂದು ಬಾಗಿಲಿಗೆ ನಡೆದು ಚಪ್ಪಲಿ ಮೆಟ್ಟಿಕೊಂಡರು.

ಅಮ್ಮ ಏಳಲಿಲ್ಲ. ಚಹಾ ಹಿಡಿದು ಬಂದ ಇಂದರನ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದರು: "ಕಾಬೂಲಿನ ಮನೆ ಹೇಗುಂಟು? ಹೇಳಿ, ನೋಡುವ."

ಆ ತಾಯಿ ಚಹಾ ಕೆಳಗಿಟ್ಟು ಶುರು ಮಾಡಿದರು. ಶೋರ್ ಬಜಾರಿನ ಗಲ್ಲಿ. ನೀಲಿ ಬಾಗಿಲು, ಒಳಗೆ ಅಂಗಳ, ಅಂಗಳದಲ್ಲಿ ಹಿಪ್ಪುನೇರಳೆ ಮರ. ಎಡಕ್ಕೆ ಅಡುಗೆಮನೆ, ಮಹಡಿಯಲ್ಲಿ ಬರಲಿರುವ ಸೊಸೆಗೆಂದು ಸುಣ್ಣ ಹೊಡೆಸಿ ಇಟ್ಟ ಕೋಣೆ. ಬೀಗ ಹಾಕಲೂ ಪುರಸೊತ್ತು ಸಿಗಲಿಲ್ಲವಂತೆ. ದಾರಿ ತುಂಬಾ ಜನ, ಹೆಗಲ ಮೇಲೆ ಮಕ್ಕಳು, ಬೆನ್ನ ಹಿಂದೆ ಹೊಗೆ. ಹೇಳುತ್ತಾ ಹೇಳುತ್ತಾ ಅವರು ನೆಟ್ಟಗೆ ಕೂತರು.

"ಬಾವಿ?" ಬಾಗಿಲ ಕಡೆಯಿಂದ ಅಪ್ಪನ ಸ್ವರ ಬಂತು. "ಬಾವಿ ಯಾವ ಮೂಲೆಯಲ್ಲಿ?"

ಇಂದರ್ ತಲೆ ಎತ್ತಿದ. "ಅಡುಗೆಮನೆಯ ಪಕ್ಕ. ಪೂರ್ವ, ದಕ್ಷಿಣ ಸೇರುವಲ್ಲಿ."

"ಛೆ, ಛೆ! ಆಗ್ನೇಯದಲ್ಲಿ ಬಾವಿ ತೋಡುವುದುಂಟಾ ಮಾರಾಯಾ?" ಅಪ್ಪ ಚಪ್ಪಲಿ ಕಳಚಿ ಒಳಗೆ ಬಂದರು. "ತಿರುಗಿ ಹೋದ ಕೂಡಲೇ ಅದನ್ನು ಮುಚ್ಚಿಸಬೇಕು, ಗೊತ್ತಾಯ್ತಾ? ನನ್ನ ಮಗಳು ಬಾಳಬೇಕಾದ ಮನೆ ಅದು."

"ಮುಚ್ಚಿಸ್ತೇನೆ," ಎಂದ ಇಂದರ್. ಹೇಳಿದ್ದು ಅಪ್ಪನಿಗೆ, ನೋಡಿದ್ದು ಶರ್ಮಿಳಾಳನ್ನು. ಎಲ್ಲರೂ ಎದುರಿಗೇ ಇದ್ದರು. ಅವಳು ಕಣ್ಣು ತಗ್ಗಿಸಲಿಲ್ಲ.