ಹನ್ನೊಂದನೆಯ ಫ್ಯಾನು

ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಸಿಕ್ಕಿದ್ದು ಸುಟ್ಟ ಕಾರಿನ ಹತ್ತಿರವಲ್ಲ. ಶೆಡ್ಡಿನ ಹೆಂಚು ಒಡೆದುಕೊಂಡು ಹಾರಿ, ಪಕ್ಕದ ಕುಂಬಾರರ ಹಿತ್ತಲಿನಲ್ಲಿ ಪೇರಿಸಿಟ್ಟ ಇಟ್ಟಿಗೆಗಳ ಹಿಂದೆ ಬಿದ್ದಿತ್ತು. ಮೂರು ದಿನ ಪೊಲೀಸರು ಬಂದಿದ್ದರು, ಕಂಪನಿಯವರು ಬಂದಿದ್ದರು, ಅರ್ಧ ಖಾನಾಪುರವೇ ಬಂದು ಬಾಯಿಗೆ ಸೆರಗು ಹಿಡಿದು ನೋಡಿ ಹೋಗಿತ್ತು. ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಕಂಡದ್ದು ಕಲ್ಲಯ್ಯನಿಗೆ—ಅದೂ ಬೀಡಿ ಸೇದಲು ಮರೆ ಹುಡುಕಿಕೊಂಡು ಹೋದಾಗ.

“ಅಕ್ಕಾರ, ಇಲ್ಲಿ ಬರ್ರಿ!”

ಗಂಗಾದೇವಿ ಸೀರೆಯ ನೆರಿಗೆ ಎತ್ತಿ ಹಿಡಿದು ಇಟ್ಟಿಗೆಯ ಸಾಲು ದಾಟಿ ಬಂದರು. ವಿಮಾ ಕಂಪನಿಗೆ ಗಾಡಿಗಳ ಅಪಘಾತ ಪರಿಶೀಲಿಸಿ ವರದಿ ಬರೆಯುವ ಸರ್ವೇಯರ್ ಅವರು. ಬೆಳಗಾವಿಯ ಖಡೇಬಜಾರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಕಲ್ಲಯ್ಯ ಹನ್ನೆರಡು ವರ್ಷದಿಂದ ಅವರ ಹಿಂದೆ ಕ್ಯಾಮೆರಾ ಹೊತ್ತು ತಿರುಗುತ್ತಿದ್ದ. ಮದುವೆಯ ಜನ ನಗುವ ನಾಟಕ ಮಾಡುತ್ತಾರೆ, ಜಜ್ಜಿದ ಗಾಡಿ ಯಾವ ನಾಟಕವನ್ನೂ ಮಾಡುವುದಿಲ್ಲ ಎಂಬುದು ಅವನ ಅನುಭವ.

“ಮುಟ್ಟಬ್ಯಾಡೋ. ಮದ್ಲ ಫೋಟೋ ತಗಿ.”

ತಗಡಿನ ಮುಚ್ಚಳ. ಒಂದು ಬದಿಯ ಕೀಲು ಹರಿದು ಹೋಗಿತ್ತು. ಇನ್ನೊಂದು ಬದಿಯ ಕೊಂಡಿ ಮಾತ್ರ ಹಾಕಿದ ಹಾಗೆಯೇ ಇತ್ತು. ಅದರ ಜೊತೆ ಪೆಟ್ಟಿಗೆಯ ಒಂದು ತುಂಡೂ ಕಿತ್ತು ಬಂದಿತ್ತು. ಕೊಂಡಿಗೆ ಏನೋ ಕರ್ರಗೆ ಸುತ್ತಿಕೊಂಡಿತ್ತು. ಸುಟ್ಟ ವಾಯರ್ ಇರಬೇಕು ಅಂದುಕೊಂಡು ಕಲ್ಲಯ್ಯ ನಾಲ್ಕು ಫೋಟೋ ಹೊಡೆದ. ಗಂಗಾದೇವಿ ಬಗ್ಗಿ ಅದನ್ನು ಮೂಸಿದರು. ಮುಚ್ಚಳವನ್ನು ಚೀಲದಲ್ಲಿ ಸುತ್ತಿ ಜೀಪಿನಲ್ಲಿ ಇಡಿಸಿದರು.

ನಡೆದದ್ದು ಇಷ್ಟು. 2003ರ ಯುಗಾದಿ ಅಮಾವಾಸ್ಯೆ. ಬೆಳಿಗ್ಗೆ ಎಂಟು ಗಂಟೆ. ಸೋಮಲಿಂಗ ಮಾಸ್ತರ ಗುಂಜಿಯ ಶಾಲೆಗೆ ಹೊರಟಿದ್ದ. ಚಿಕ್ಕಂದಿನ ಪೋಲಿಯೋದಿಂದ ಅವನ ಎಡಗಾಲಿಗೆ ಬಲವಿರಲಿಲ್ಲ. ಕ್ಲಚ್ಚಿಲ್ಲದ, ಗೇರಿಲ್ಲದ ಬ್ಯಾಟರಿ ಕಾರು ಬಂದಿದೆ ಎಂದು ಕೇಳಿ, ‘ಗುಬ್ಬಿ’ ಎಂಬ ಆ ಪುಟ್ಟ ಗಾಡಿಯನ್ನು ಕೊಂಡಿದ್ದ. ಅಂದು ಕಾರು ಇನ್ನೂ ಚಾರ್ಜಿಗೆ ಇತ್ತು. ಹಿಂದಿನ ಸೀಟಿನ ಮೇಲೆ ಮಕ್ಕಳ ನೋಟುಪುಸ್ತಕಗಳನ್ನು ಇಡಲು ಅವನು ಒಳಗೆ ಬಗ್ಗಿದ್ದ. ತಾಯಿ ಮಾಯಕ್ಕ ಪ್ರತಿ ಅಮಾವಾಸ್ಯೆಯಂತೆ ಗಾಡಿಗೆ ಕರ್ಪೂರ ಬೆಳಗಲು ಬಂದಳು. ತೆರೆದ ಬಾಗಿಲಿನ ಮುಂದೆ ಆರತಿ ಒಂದು ಸುತ್ತು ಬಂದಿತು, ಅಷ್ಟೆ.

ಮಗ ಅಲ್ಲೇ ಹೋದ. ತಾಯಿಯ ಬಲಗೈ ಮೊಣಕೈವರೆಗೆ ಸುಟ್ಟಿತು.

ಚಾರ್ಜಿಗಿದ್ದ ಬ್ಯಾಟರಿಯ ಮುಂದೆ ಬೆಂಕಿ ಹಿಡಿದಳು ಮುದುಕಿ—ಪೊಲೀಸರು ಹೀಗೆ ಬರೆದುಕೊಂಡರು. ಬೆಂಕಿ ತರಬಾರದೆಂದು ನಮ್ಮ ಪುಸ್ತಕದಲ್ಲಿ ಅಚ್ಚಾಗಿದೆ ಎಂದು ಕಂಪನಿ ಕೈ ತೊಳೆದುಕೊಂಡಿತು. ಕಲ್ಲಯ್ಯನೂ ಬರುವಾಗ ಜೀಪಿನಲ್ಲಿ ಅದನ್ನೇ ಹೇಳಿದ್ದ: “ಇದರಾಗ ಪತ್ತೆ ಮಾಡೂದು ಏನೈತ್ರಿ? ಮುದುಕಿ ಕೈಯಾರೆ ಮಗನ್ನ ಸುಟ್ಟಳು.”

ಪಡಸಾಲೆಯ ಮೂಲೆಯಲ್ಲಿ ಕಂಬಳಿಯ ಮೇಲೆ ಮಾಯಕ್ಕ ಕೂತಿದ್ದಳು. ಕೈಗೆ ಬ್ಯಾಂಡೇಜು. ಮೂರು ದಿನದಿಂದ ಬಾಯಿಗೆ ನೀರು ಬಿಟ್ಟು ಬೇರೇನೂ ಹಾಕಿರಲಿಲ್ಲವಂತೆ. ಸೊಸೆ ಪ್ರಮಿಳಾ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

“ಕುಂದರ್ರಿ ಅಕ್ಕಾರ,” ಎಂದಳು ಪ್ರಮಿಳಾ. “ನನಗ ನಿಮ್ಮ ವಿಮಾ ರೊಕ್ಕ ಬ್ಯಾಡ. ಒಂದ ಮಾತ ಹೇಳ್ರಿ ಸಾಕು. ಅವರನ್ನ ಕೊಂದದ್ದು ಗಾಡಿಯೋ, ಅತ್ತಿಯೋ? ಅತ್ತಿ ಆಗಿದ್ರ ನಾ ಈ ಮನ್ಯಾಗ ಇರಾಂಗಿಲ್ಲ. ನಾಳಿಗೆ ತವರಮನಿಗೆ ಹೊಂಟೀನಿ.”

ಮೂಲೆಯಲ್ಲಿ ಮಾಯಕ್ಕ ಕಂಬಳಿಯ ಅಂಚು ಎಳೆದುಕೊಂಡಳು. ಜೀಪಿನಲ್ಲಿ ಆಡಿದ ಮಾತು ನೆನಪಾಗಿ ಕಲ್ಲಯ್ಯನಿಗೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬಂತು. ಕೇಳಿಸಿಕೊಳ್ಳಲು ಎದುರಿಗೆ ಜನ ಇಲ್ಲದಾಗ ಎಂಥ ಮಾತೂ ಸಲೀಸು.

“ಗಾಡಿ ಬಗ್ಗೆ ಮಾಸ್ತರು ಯಾವಾಗರ ತಕರಾರು ಮಾಡಿದ್ರೇನು?” ಗಂಗಾದೇವಿ ಕೇಳಿದರು.

ಪ್ರಮಿಳಾ ಮೂರು ಪತ್ರಗಳ ನಕಲು ತಂದಿಟ್ಟಳು. ಮೊದಲಿನದು ನವೆಂಬರಿನದು: ಚಾರ್ಜಿಗೆ ಹಾಕಿದಾಗ ಹಿಂದಿನ ಸೀಟಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಎರಡನೆಯದು ಡಿಸೆಂಬರಿನದು: ಬ್ಯಾಟರಿ ಪೆಟ್ಟಿಗೆಯ ಫ್ಯಾನಿನ ಸದ್ದು ನಿಂತುಹೋಗಿದೆ. ಮೂರನೆಯದು ಫೆಬ್ರುವರಿಯದು: ಫ್ಯಾನು ಬದಲಿಸಿದ ಮೇಲೂ ಸದ್ದು ಕೇಳುತ್ತಿಲ್ಲ, ವಾಸನೆ ಹೋಗಿಲ್ಲ. ಇದಕ್ಕೆ ಮಾತ್ರ ಉತ್ತರ ಬಂದಿತ್ತು—ಒಂದೇ ಸಾಲು: ‘ಫ್ಯಾನು ಈಗಾಗಲೇ ಬದಲಿಸಲಾಗಿದೆ. ದೂರು ಮುಕ್ತಾಯ.’ ಕೆಳಗೆ ಬೆಳಗಾವಿ ಶೋರೂಮಿನ ಮ್ಯಾನೇಜರ್ ಅನಿಕೇತನ ಸಹಿ.

“ಫ್ಯಾನ್ ಬದಲ ಮಾಡ್ಯಾರ ಅಂತ ಮಾಸ್ತರಿಗೆ ಯಾರು ಹೇಳಿದ್ರು?”

“ಫ್ಯಾನ್ ಬದಲ ಮಾಡಾಕ ಎಲ್ಲಾ ಹಳೇ ಗಾಡಿ ವಾಪಸ್ ಕರಸಾಕತ್ತಾರ ಅಂತ ಕಾರ್ಡ್ ಬಂದಿತ್ರಿ. ಜನವರಿ ಕಡೀ ದಿನ ಇವರು ಗಾಡಿ ಒಯ್ದು ಬಿಟ್ಟು, ಸಂಜಿ ಮುಂದ ತಂದ್ರು. ಆಗೇತಿ ಅಂತ ಕೌಂಟರದಾಗ ಹೇಳಿ ಸಹಿ ತಗೊಂಡ್ರಂತ.”

“ಮುಚ್ಚಳ ತಗದು ನೋಡಿದ್ರೇನು ಇವರು?”

“ಅವರ ಕಾಲಿಗೆ ಹಿಂದ ಹತ್ತಿ ಸೀಟ್ ಎತ್ತೂದು ಎಲ್ಲಿ ಆಗತೈತ್ರಿ? ಆ ಮುಚ್ಚಳ ಸೀಟಿನ ಕೆಳಗ ಇರ್ತೈತಿ.”

“ದಸರಿ ಖಂಡೇನವಮಿಗೆ ಗಾಡಿ ಪೂಜಿ ಯಾರು ಮಾಡಿದ್ರು?”

ಕಲ್ಲಯ್ಯ ಕಣ್ಣರಳಿಸಿದ. ಸತ್ತ ಮನೆಯಲ್ಲಿ ಪೂಜೆಯ ಸುದ್ದಿ ಯಾಕೆ ಬೇಕು ಇವರಿಗೆ?

“ಅತ್ತಿ ಮಾಡಿದ್ರು. ಭಂಡಾರದ ಅರಿಷಿಣ ಹಚ್ಚಿ, ಉಣ್ಣಿ ದಾರದ ಕಂಕಣ ಕಟ್ಟಿದ್ರು. ನಮ್ಮ ಕುರಬರಾಗ ಹಂಗ ಮಾಡೂದು. ಸ್ಟೇರಿಂಗಿಗೆ ಒಂದು, ಬ್ಯಾಟರಿ ಪೆಟಿಗಿಗೆ ಒಂದು. ಗಾಡಿ ಜೀವಾ ಇರೂದು ಬ್ಯಾಟರ್‍ಯಾಗ ಅಂತ ನಮ್ಮ ಮನಿಯವರ ಹೇಳಿದ್ರಲ್ಲ, ಅದಕ್ಕ.”

ಗಂಗಾದೇವಿ ಎದ್ದರು. “ನಾಳಿಗೆ ಹೋಗಬ್ಯಾಡವಾ. ಒಂದ ದಿನ ತಡಿ.”

ಮರುದಿನ ಬೆಳಿಗ್ಗೆ ಅವರು ಬೆಳಗಾವಿಯ ಉದ್ಯಮಬಾಗದ ಶೋರೂಮಿಗೆ ಹೋದರು. ಗಾಜಿನ ಹಿಂದೆ ಹೊಸ ಮಾದರಿಯ ಎರಡು ಗುಬ್ಬಿಗಳು ನಿಂತಿದ್ದವು. ಒಂದರ ಮೂತಿಗೆ ಯುಗಾದಿಯ ಮಾವಿನ ತೋರಣ ಇನ್ನೂ ಬಾಡದೆ ಇತ್ತು. ಅನಿಕೇತ ಮೂವತ್ತರ ಆಸುಪಾಸಿನವನು, ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಅಷ್ಟೇ ನೀಟಾದ ದುಃಖ.

“ಭಾಳ ಕೆಟ್ಟದ್ದಾತ್ರಿ ಮೇಡಮ್. ಆದ್ರ ನಮ್ಮ ಕಡೆಯಿಂದ ಏನೂ ಬಾಕಿ ಇಲ್ಲ. ಈ ಭಾಗದಾಗ ಹನ್ನೊಂದು ಹಳೇ ಗಾಡಿ. ಹನ್ನೊಂದಕ್ಕೂ ಹೊಸ ಫ್ಯಾನ್ ಹಾಕೇವಿ. ಹನ್ನೊಂದು ಹಳೇ ಫ್ಯಾನ್ ಪುಣೇಕ ವಾಪಸ್ ಕಳಿಸೇವಿ. ನೋಡ್ರಿ, ಪಾವತಿ ಚೀಟಿ. ಇದು ಕೆಲಸ ಮುಗದೈತಿ ಅಂತ ಮಾಸ್ತರು ಸಹಿ ಮಾಡಿದ ಕಾರ್ಡು.”

“ಸಹಿ ಖರೇ ಐತಿ,” ಎಂದರು ಗಂಗಾದೇವಿ. “ಫ್ಯಾನ್ ಯಾರು ಹಾಕಿದ್ರು?”

“ನಾಗಲಿಂಗ. ನಮ್ಮ ಹಿರೇ ಮಿಸ್ತ್ರಿ.”

ನಾಗಲಿಂಗನನ್ನು ಕರೆಸಿದರು. ನಲವತ್ತು ದಾಟಿದ ಗಟ್ಟಿ ಆಳು, ಹಣೆಯಲ್ಲಿ ವಿಭೂತಿ. ಕೈಯ ಗ್ರೀಸನ್ನು ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತ.

“ಮಾಸ್ತರ ಗಾಡಿಗೆ ನೀವ ಫ್ಯಾನ್ ಹಾಕಿದ್ದು?”

ಅವನು ಅನಿಕೇತನ ಕಡೆ ನೋಡಿದ. “ಕಾರ್ಡಿನ್ಯಾಗ ಬರದೈತಲ್ರಿ.”

“ಕಾರ್ಡ್ ನಾ ಓದೀನಿ. ನಿಮ್ಮನ್ನ ಕೇಳಾಕತ್ತೀನಿ.”

ಅನಿಕೇತನೇ ಬಾಯಿ ಹಾಕಿದ: “ಮೇಡಮ್, ಸುಟ್ಟ ಫ್ಯಾನ್ ಕರಗಿ ಮುದ್ದಿ ಆಗೇತಿ. ಹೊಸಾದೋ ಹಳೇದೋ ಹೇಳಾಕ ಯಾರಿಗೂ ಸಾಧ್ಯ ಇಲ್ಲ.”

“ಫ್ಯಾನ್ ನೋಡಿ ಹೇಳಾಕ ಬರಾಂಗಿಲ್ಲ, ಖರೇ. ಬ್ಯಾಟರಿಗೆ ನೀರ್ ಹಾಕಾಕ ಮುಚ್ಚಳ ತಗೀಬೇಕೇನು?”

“ಇಲ್ರಿ, ಅದಕ್ಕ ಬಾಜೂಕ ಪೈಪ್ ಐತಿ. ಮುಚ್ಚಳ ತಗಿಯೂದು ಫ್ಯಾನ್ ಬದಲ ಮಾಡಾಕಷ್ಟ.”

“ಕೊಂಡಿ ಬಿಚ್ಚದ ತಗಿಯಾಕ ಬರತೈತೇನು?”

“ಅದೆಂಗ ಬರತೈತ್ರಿ?” ಅನಿಕೇತ ನಕ್ಕ.

ಗಂಗಾದೇವಿ ಕಣ್ಸನ್ನೆ ಮಾಡಿದರು. ಕಲ್ಲಯ್ಯ ಚೀಲ ಬಿಚ್ಚಿ ಮುಚ್ಚಳವನ್ನು ಮೇಜಿನ ಮೇಲಿಟ್ಟ. ನಾಗಲಿಂಗನ ಕೈಯಿಂದ ಒರೆಸುವ ಬಟ್ಟೆ ಕೆಳಗೆ ಬಿತ್ತು.

“ಈ ಕೊಂಡಿಗೆ ಸುತ್ತಿದ್ದನ್ನ ನಮ್ಮ ಕಲ್ಲಯ್ಯ ವಾಯರ್ ಅಂದುಕೊಂಡ. ಅವನ ತಪ್ಪಲ್ಲ, ಮಸಿ ಹಂಗ ಹಿಡದೈತಿ. ವಾಯರಿನ ಪ್ಲಾಸ್ಟಿಕ್ ಆಗಿದ್ರ ಕರಗಿ ಹನಿ ಹನಿ ಸುರೀತಿತ್ತು. ಇದು ಕರಗಿಲ್ಲ. ಮೂಸಿದ್ರ ಸುಟ್ಟ ಕೂದಲದ ವಾಸನಿ. ಇದು ಉಣ್ಣಿ. ಕಂಕಣದ ದಾರ. ಹೋದ ವರ್ಷ ಖಂಡೇನವಮಿಗೆ ಮಾಯಕ್ಕ ಕಟ್ಟಿದ್ದು. ಕೊಂಡಿಯ ತೂತಿನಾಗ ಹಾಯಿಸಿ ಬಿಗದಾಳ. ದಾರ ಕತ್ತರಸದ ಕೊಂಡಿ ಬಿಚ್ಚಾಂಗಿಲ್ಲ.”

“ಬಿಚ್ಚಿ ಮತ್ತ ಕಟ್ಟಿರಬೇಕು—”

“ನೋಡ್ರಿ.” ಅವರು ಒಂದು ಸೂಜಿಯಿಂದ ದಾರವನ್ನು ಕೂದಲೆಳೆಯಷ್ಟು ಸರಿಸಿದರು. ದಾರದ ಕೆಳಗೆ ತಗಡಿನ ಮೇಲೆ ಅರಿಶಿಣದ ಸಣ್ಣ ಗೆರೆ, ದಾರದಷ್ಟೇ ಅಗಲ, ಒಂದಿಷ್ಟೂ ಕದಡಿರಲಿಲ್ಲ. “ಭಂಡಾರ. ಅಕ್ಟೋಬರದಾಗ ಬಿದ್ದದ್ದು, ಬಿದ್ದಲ್ಲೇ ಕುಂತೈತಿ. ಜನವರಿಯಾಗ ಒಮ್ಮೆ ಇದನ್ನ ಬಿಚ್ಚಿದ್ರ ಈ ಗೆರಿ ಉಳೀತಿರಲಿಲ್ಲ. ಈ ಮುಚ್ಚಳ ತಗದದ್ದು ಮನಷ್ಯಾರಲ್ಲ. ಸ್ಫೋಟ ತಗದೈತಿ.”

ನಾಗಲಿಂಗ ಹಿಂದೆ ತಿರುಗಿ ವರ್ಕ್‌ಶಾಪಿಗೆ ಹೋದ. ಓಡಿಹೋದನೇನೋ ಎಂದು ಕಲ್ಲಯ್ಯ ಬಾಗಿಲಿಗೆ ಬಂದ. ಇಲ್ಲ—ಅವನು ತನ್ನ ಕಪಾಟಿನಿಂದ ಒಂದು ರಟ್ಟಿನ ಡಬ್ಬಿ ತಂದು ಮುಚ್ಚಳದ ಪಕ್ಕ ಇಟ್ಟ. ಹೊಸ ಫ್ಯಾನಿನ ಒಡೆಯದ ಡಬ್ಬಿ. ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ಸೋಮಲಿಂಗ ಮಾಸ್ತರ, ಖಾನಾಪುರ.

“ಹತ್ತು ಗಾಡಿಗೆ ನಾನ ಹಾಕೀನ್ರಿ. ಬೇಕಾರ ತಗದು ನೋಡ್ರಿ,” ಎಂದ. “ಈ ಗಾಡಿ ಸೀಟ್ ಎತ್ತಿದ್ನಿ. ಕಂಕಣ ಕಂಡೆ. ಭಂಡಾರ ಕಂಡೆ. ದೇವರ ದಾರ, ಕತ್ತರಿ ಹಾಕಾಕ ಕೈ ಬರಲಿಲ್ಲ. ಈ ಸಾಹೇಬರಿಗೆ ಬಂದು ಹೇಳಿದ್ನಿ—ಮಾಸ್ತರನ್ನ ಕೇಳ್ರಿ, ಮನ್ಯಾಗಿನವರು ಬಿಚ್ಚಿಕೊಟ್ರ ಹತ್ತು ಮಿನಿಟಿನ ಕೆಲಸ ಅಂತ. ಆತು, ನಾ ಹೇಳತೀನಿ, ನೀ ಹೋಗು ಅಂದ್ರು. ಆಮ್ಯಾಲೆ ಎರಡ ಸಲ ನೆನಪ ಮಾಡಿದ್ನಿ. ಬರ್ತಾರ ಬಿಡು ಅಂದ್ರು.”

“ಮಾಸ್ತರಿಗೆ ನೀವ ಯಾಕ ಹೇಳಲಿಲ್ಲ?”

ನಾಗಲಿಂಗ ಕೆಳಗೆ ಬಿದ್ದ ಬಟ್ಟೆ ಎತ್ತಿಕೊಂಡು ಮತ್ತೆ ಕೈ ಒರೆಸತೊಡಗಿದ.

“ಪುಣೇಕ ಹೋದ ಹನ್ನೊಂದನೇ ಹಳೇ ಫ್ಯಾನ್ ಎಲ್ಲಿಂದ ಬಂತು, ಅನಿಕೇತ?”

ಅನಿಕೇತ ನೀರಿನ ಲೋಟ ಎತ್ತಿದ, ಕುಡಿಯದೆ ಇಟ್ಟ. “ಜನರಿಗೆ ತೋರಸಾಕ ಇಟ್ಟ ಗಾಡೀದು. ಮೇಡಮ್, ಅವತ್ತ ಕಡೀ ತಾರೀಖು ಇತ್ತು. ಜನವರಿಯೊಳಗ ಎಲ್ಲಾ ಗಾಡಿ ಮುಗಸಿದ ಡೀಲರಿಗೆ ಅಷ್ಟ ಯುಗಾದಿಗೆ ಹೊಸಾ ಮಾಡಲ್ ಕಳಸೂದು ಅಂತ ಕಂಪನಿ ಹಟ. ಒಂದ ಗಾಡಿ ಸಲುವಾಗಿ ಎಲ್ಲಾ ನಿಂದರತಿತ್ತು. ನಾಳೆ ನಾಡದ್ದು ಕರಸಿ ಹಾಕಿಸಿದ್ರಾತು ಅಂತ...”

“ಫೆಬ್ರುವರಿಯಾಗ ಮಾಸ್ತರ ಮೂರನೇ ಪತ್ರ ಬಂತು. ಫ್ಯಾನ್ ತಿರಗವಲ್ದು, ವಾಸನಿ ಬರಾಕತ್ತೈತಿ ಅಂತ. ಚಾರ್ಜ್ ಆಗೂ ಮುಂದ ಬ್ಯಾಟರಿ ಗ್ಯಾಸ್ ಬಿಡತೈತಿ, ಫ್ಯಾನ್ ಅದನ್ನ ಹೊರಗ ಹಾಕತೈತಿ, ಫ್ಯಾನ್ ನಿಂತ್ರ ಒಳಗ ತುಂಬತೈತಿ—ಇದು ನಿಮಗ ಗೊತ್ತಿತ್ತು. ಗಾಡ್ಯಾಗ ಹಳೇ ಫ್ಯಾನ್ ಐತಿ ಅನ್ನೂದೂ ಗೊತ್ತಿತ್ತು. ಅವತ್ತರ ಒಂದು ಫೋನ್ ಮಾಡಬಹುದಾಗಿತ್ತು. ಮಾಡಿದ್ರ ಕಾರ್ಡ್ ಸುಳ್ಳ ಅಂತ ಒಪ್ಪಬೇಕಾಗತಿತ್ತು. ಅದಕ್ಕ ‘ದೂರು ಮುಕ್ತಾಯ’ ಅಂತ ಬರದು ಕಳಿಸಿದ್ರಿ. ಆ ಒಂದು ಸಾಲಿನಿಂದ ಸೋಮಲಿಂಗ ಸತ್ತ. ಕೊಂದವರು ನೀವು.”

ಅವರು ಅನಿಕೇತನ ಮೇಜಿನ ಮೇಲಿದ್ದ ಫೋನನ್ನೇ ತಮ್ಮ ಕಡೆ ಎಳೆದುಕೊಂಡು ಪೊಲೀಸ್ ಠಾಣೆಗೆ ಹಚ್ಚಿದರು. ಅವನು ತಡೆಯಲಿಲ್ಲ.

ಮಧ್ಯಾಹ್ನ ಮತ್ತೆ ಖಾನಾಪುರ. ದಾರಿಯುದ್ದಕ್ಕೂ ಕಲ್ಲಯ್ಯನಿಗೆ ಒಂದೇ ಚಿಂತೆ. ಕಂಕಣದ ಮಾತು ಮುದುಕಿಗೆ ಹೇಳುವುದು ಬೇಡ ಅಂತ ಅವನ ಮನಸ್ಸು. ರಕ್ಷೆಗೆಂದು ಕಟ್ಟಿದ್ದೇ ಮಿಸ್ತ್ರಿಯ ಕೈ ತಡೆಯಿತೆಂದು ಯಾವ ತಾಯಿಗೆ ಹೇಳುವುದು? ಗಂಗಾದೇವಿಯವರ ಮುಂದೆ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಅವರು ಏನನ್ನೂ ಮುಚ್ಚಲಿಲ್ಲ. ಮಾಯಕ್ಕನ ಎದುರಿಗೆ ನೆಲದ ಮೇಲೆ ಕೂತು, ಫ್ಯಾನಿನಿಂದ ಕಂಕಣದವರೆಗೆ, ಕಂಕಣದಿಂದ ಪತ್ರದವರೆಗೆ ಎಲ್ಲವನ್ನೂ ಹೇಳಿದರು. ಪ್ರಮಿಳಾ ಬಾಗಿಲಿನ ಚೌಕಟ್ಟಿಗೆ ಒರಗಿ ಕೇಳಿದಳು.

ಮಾಯಕ್ಕ ತಲೆ ಎತ್ತಿದಳು.

“ಅದನ್ನ ಬಿಚ್ಚಬಾರದು ಅಂತ ಆ ಮಿಸ್ತ್ರಿಗೆ ಯಾರ ಹೇಳಿದ್ರು?” ಅಂದಳು. “ಕಂಕಣ ಬಿಚ್ಚತೀವಿ, ಮತ್ತ ಕಟ್ಟತೀವಿ. ಹಳೇದಾದ್ರ ಗಿಡದ ಬುಡಕ್ಕ ಹಾಕತೀವಿ. ಅದಕ್ಕ ಮಂತ್ರ ಇಲ್ಲ, ಮುಹೂರ್ತ ಇಲ್ಲ. ನನ್ನ ಒಂದ ಮಾತ ಕೇಳಿದ್ರ, ಕತ್ತರಸ್ರೆಪ್ಪಾ ಅಂತಿದ್ನಿ. ಒಂದ ಮಾತ.”

ಕಲ್ಲಯ್ಯನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಆದರೂ ನಿಂತ.

ಗಂಗಾದೇವಿ ಹೇಳಿಕೆಯ ಕಾಗದ ತೆಗೆದರು. “ಬರಕೊಳ್ಳಲೇನು?”

“ಬರೀರಿ. ಕರ್ಪೂರ ಹಚ್ಚಿದ್ದು ನಾನ ಅಂತ ಬರೀರಿ. ಅದನ್ನ ಬಿಡಬ್ಯಾಡ್ರಿ.”

“ಬಿಡಾಂಗಿಲ್ಲವಾ. ಫ್ಯಾನ್ ಬದಲಾಗಿದ್ರ ಆ ಕರ್ಪೂರ ಉರದು ತೀರತಿತ್ತು, ಮಾಸ್ತರು ಸಾಲಿಗೆ ಹೋಗತಿದ್ರು ಅಂತನೂ ಬರೀತೀನಿ.”

ಬರೆದು ಓದಿ ಹೇಳಿದರು. ಮಸಿಯ ಡಬ್ಬಿ ಮುಂದೆ ಇಟ್ಟರು. ಮಾಯಕ್ಕ ಬ್ಯಾಂಡೇಜಿನ ಕೈ ನೋಡಿಕೊಂಡು, ಎಡಗೈ ಚಾಚಿದಳು. ರೂಢಿಯಿಲ್ಲದ ಕೈ, ಹೆಬ್ಬೆರಳು ಡಬ್ಬಿಯ ಪಕ್ಕಕ್ಕೆ ಬಿತ್ತು.

ಪ್ರಮಿಳಾ ಬಾಗಿಲು ಬಿಟ್ಟು ಬಂದಳು. ಅತ್ತೆಯ ಪಕ್ಕ ಕಂಬಳಿಯ ಮೇಲೆ ಕೂತು, ಆ ಹೆಬ್ಬೆರಳನ್ನು ಹಿಡಿದು ಮಸಿಗೆ ಒತ್ತಿ ಕಾಗದದ ಮೇಲೆ ಊರಿದಳು. ಆಮೇಲೂ ಕೈ ಬಿಡಲಿಲ್ಲ.

“ಅತ್ತಿ,” ಅಂದಳು, “ಏಳ್ರಿ. ಒಂದ ತುತ್ತ ಉಣ್ಣೂಣು.”