ಸೋಮವಾರದ ಎರಡನೆಯ ಚಿತ್ರ

"ಅಕ್ಕಾ, ನಾಳೆ ಹತ್ತು ಗಂಟೆಗೆ ನನ್ನನ್ನ ಹೊರಗೆ ಹಾಕ್ತಾರೆ."

ಬಾಗಿಲಲ್ಲೇ ನಿಂತು ಹುಡುಗಿ ಹೀಗೆಂದಾಗ ಸ್ಲೈಡ್ ಮಾಮನ ಕೈಯಲ್ಲಿದ್ದ ಗಾಜಿನ ಪಟ್ಟಿ ಜಾರಿ ಟ್ರೇಗೆ ಬಿತ್ತು. ಅವಳು ಎದುರಿನ ಕ್ಯಾನ್ಸರ್ ಪ್ರಯೋಗಾಲಯದ ಸಂಶೋಧಕಿ. ನಾಲ್ಕು ವರ್ಷದಿಂದ ಬರುತ್ತಿದ್ದವಳು, ಒಂದು ದಿನವೂ ಯಂತ್ರವನ್ನು ಒರೆಸದೆ ಎದ್ದವಳಲ್ಲ.

ಅದು ಇಡೀ ಸಂಸ್ಥೆಗೆ ಸೇರಿದ ಸೂಕ್ಷ್ಮದರ್ಶಕದ ಕೊಠಡಿ. ಬೇಕಾದವರು ಹೊತ್ತು ಗೊತ್ತುಮಾಡಿಕೊಂಡು ಬಂದು, ಚಿತ್ರ ತೆಗೆದುಕೊಂಡು ಹೋಗುತ್ತಿದ್ದರು. ಯಂತ್ರಗಳ ಉಸ್ತುವಾರಿ ದೊಡ್ಡಕ್ಕನದು, ಜೀವಕೋಶಗಳನ್ನು ಇದ್ದಂತೆಯೇ ಗಾಜಿನ ಪಟ್ಟಿಯ ಮೇಲೆ ಹಿಡಿದಿಡುವ ಸ್ಲೈಡ್ ತಯಾರಿ ಮಾಮನದು. ಮಾಮ ಅವಳಿಗಿಂತ ಎರಡು ವರ್ಷ ಹಿರಿಯ. ಆದರೂ ಊರೆಲ್ಲ ಕರೆದಂತೆ ಅವನೂ ಅಕ್ಕ ಎನ್ನುತ್ತಿದ್ದ. ಸಂಸ್ಥೆಯಲ್ಲಿ ಏನು ಕಳೆದರೂ, ಯಾರ ಜಗಳ ಬಗೆಹರಿಯದಿದ್ದರೂ ಜನ ಬರುತ್ತಿದ್ದುದು ಅವಳ ಹತ್ತಿರಕ್ಕೇ.

"ಮೊದಲು ಕೂತ್ಕೋ. ಆಮೇಲೆ ಹೇಳು," ಎಂದಳು ದೊಡ್ಡಕ್ಕ.

"ಹೋದ ಸೋಮವಾರ ಎರಡು ಚಿತ್ರ ತೆಗೆದೆ. ಮೊದಲನೇದು ಔಷಧಿ ಹಾಕದ ಗೆಡ್ಡೆಯ ಜೀವಕೋಶ, ಎರಡನೇದು ಔಷಧಿ ಹಾಕಿದ್ದು. ಎರಡರಲ್ಲೂ ಚೆನ್ನಾಗೇ ಬದುಕಿದ್ವು. ನಮ್ಮ ಪ್ರೊಫೆಸರೂ ಸೀನಿಯರೂ ಸೇರಿ ಕಂಡುಹಿಡಿದ ಔಷಧಿ ಅದು. ಕೆಲಸ ಮಾಡ್ತಿಲ್ಲ ಅಂತ ಬರೆದೆ. ಈಗ ಸೀನಿಯರ್ ದೂರು ಕೊಟ್ಟಿದ್ದಾರೆ. ಎರಡೂ ಒಂದೇ ಚಿತ್ರ ಅಂತೆ, ಕಂಪ್ಯೂಟರಲ್ಲಿ ತಲೆಕೆಳಗು ಮಾಡಿ ಇಟ್ಟಿದೀನಂತೆ. ತೆಗೆದು ನೋಡಿದ್ರೆ ಹಾಗೇ ಇದೆ ಅಕ್ಕ. ಆದ್ರೆ ನಾನು ತೆಗೆದ ಚಿತ್ರ ಅದಲ್ಲ."

"ಔಷಧಿ ಹಾಕಿದ ಸ್ಲೈಡ್ ಎಲ್ಲಿ?"

"ಪೆಟ್ಟಿಗೇಲಿ ಇಲ್ಲ. ಮಂಗಳವಾರದಿಂದ ಶುಕ್ರವಾರದವರೆಗೂ ನಾನು ಆಸ್ಪತ್ರೇಲಿದ್ದೆ, ಅಮ್ಮನ ಜೊತೆ." ಅವಳು ಮೂಗು ಒರೆಸಿಕೊಂಡಳು. "ಮುಂದಿನ ತಿಂಗಳು ಅಮ್ಮನಿಗೂ ಇದೇ ಔಷಧಿ ಶುರು ಮಾಡ್ಬೇಕು ಅಂತಿದಾರೆ. ಇದು ಕೆಲಸ ಮಾಡಲಿ ಅಂತ ನನಗಿಂತ ಹೆಚ್ಚು ಯಾರು ಬೇಡ್ಕೊಂಡಿರ್ತಾರೆ ಹೇಳಿ?"

ಹುಡುಗಿ ಸುಳ್ಳಾಡುವವಳಲ್ಲ ಎಂದು ಮಾಮನ ಮನಸ್ಸು ಹೇಳುತ್ತಿತ್ತು. ಆದರೆ ಪರದೆಯ ಮೇಲೆ ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟಾಗ ಅದೇ ಮನಸ್ಸು ಹಿಂದೇಟು ಹಾಕಿತು. ಅವೇ ಜೀವಕೋಶಗಳು, ಅದೇ ಗುಂಪು, ಬುಡ ಮೇಲಾಗಿತ್ತು ಅಷ್ಟೇ. ಎರಡರ ಮೇಲೂ ಸೋಮವಾರದ ತಾರೀಕು.

"ಮುಗೀತಲ್ಲ ಅಕ್ಕ," ಎಂದು ಪಿಸುಗುಟ್ಟಿದ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಮಾಮ. ಈ ಮೂಲೇಲಿ ಏನಿದೆ ನೋಡು."

ಎರಡನೆಯ ಚಿತ್ರದ ಮೂಲೆಯಲ್ಲಿ ಮಸುಕಾದ ಒಂದು ಎಳೆ ಕಂಡಿತು, ರೆಪ್ಪೆಗೂದಲಿನಷ್ಟು. ಮೊದಲನೆಯದರಲ್ಲಿ ಇರಲಿಲ್ಲ.

"ಹೋದ ವಾರ ದಿನಾ ಬೆಳಿಗ್ಗೆ ನೀನು ತೆಗೆದ ಮಣಿ ಚಿತ್ರ ತೆಗಿ," ಎಂದಳು ದೊಡ್ಡಕ್ಕ. "ಜೊತೆಗೆ ಗುರುವಾರ ಇಲ್ಲಿ ಕೂತವರೆಲ್ಲರ ಹಳೇ ಚಿತ್ರಗಳನ್ನೂ ತೆಗಿ. ನಿನ್ನ ಬಾಣ ನೋಡ್ಬೇಕು."

ಬಾಣ ಎಂದರೆ ಮಾಮನ ಗುರುತು. ತಯಾರಿಸಿದ ಪ್ರತಿ ಸ್ಲೈಡಿನ ಮೇಲೂ ಅವನು ಚೀಟಿ ಅಂಟಿಸಿದ ತುದಿಯ ಕಡೆಗೆ ಒಂದು ಸಣ್ಣ ಬಾಣ ಗೀಚುತ್ತಿದ್ದ; ತೆಗೆದ ಚಿತ್ರದ ಅಂಚಿನಲ್ಲೂ ಅದು ಕಾಣುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಅದನ್ನು ಯಾರಾದರೂ ಕೇಳಿದ್ದು ಇದೇ ಮೊದಲು.

ಮರುದಿನ ಒಂಬತ್ತಕ್ಕೆ ದೊಡ್ಡಕ್ಕ ಎಲ್ಲರನ್ನೂ ಕರೆಸಿದಳು. ಪ್ರೊಫೆಸರ್ ಗಡಿಯಾರ ನೋಡುತ್ತಲೇ ಬಂದರು. ಗಿಡಗಳ ವಿಭಾಗದ ಎಲೆ ಮೇಷ್ಟ್ರು ಬರುವಾಗಲೇ ಮುಖ ಗಂಟಿಕ್ಕಿದ್ದರು. ಕೊನೆಗೆ ಬಂದ ಸೀನಿಯರ್, ರಿಜಿಸ್ಟರಿನ ಬಲಕ್ಕೆ ಕಟ್ಟಿದ್ದ ಪೆನ್ನನ್ನು ಎಡಗೈಗೆ ಎಳೆದು ಸಹಿ ಹಾಕಿ, "ಈ ದಾರ ಸ್ವಲ್ಪ ಉದ್ದ ಮಾಡಿ ಮಾಮ," ಎಂದು ಎಂದಿನಂತೆ ಗೊಣಗಿದ. ಹುಡುಗಿ ಮೂಲೆಯ ಕುರ್ಚಿಯಲ್ಲಿ ಮುದುಡಿ ಕೂತಿದ್ದಳು.

"ದಿನಾ ಬೆಳಿಗ್ಗೆ ಮಾಮ ಸಣ್ಣ ಮಣಿಗಳ ಸ್ಲೈಡ್ ಇಟ್ಟು ಒಂದು ಚಿತ್ರ ತೆಗೀತಾನೆ, ಯಂತ್ರ ಸರಿಯಿದೆಯಾ ಅಂತ," ದೊಡ್ಡಕ್ಕ ಶುರುಮಾಡಿದಳು. "ಬುಧವಾರ ಬೆಳಿಗ್ಗೆ ತೆಗೆದದ್ದು ಶುದ್ಧವಾಗಿದೆ. ಗುರುವಾರ, ಶುಕ್ರವಾರ ತೆಗೆದದ್ದರಲ್ಲಿ ಮೂಲೇಲಿ ಒಂದು ಎಳೆ. ಶುಕ್ರವಾರ ಹನ್ನೊಂದಕ್ಕೆ, ಬೇರೆ ಯಾರೂ ಕೂರೋ ಮೊದಲೇ, ನಾನೇ ಕ್ಯಾಮೆರಾ ಬಿಚ್ಚಿ ಅದನ್ನ ತೆಗೆದೆ. ಬುಧವಾರ ಸಂಜೆ ಕೊನೆಗೆ ಕೂತು ಕ್ಯಾಮೆರಾ ಬಿಚ್ಚಿದ್ದು ಮೇಷ್ಟ್ರು."

"ನಾನು ಬಿಚ್ಚಿದ್ದು ನನ್ನ ಎಲೆಗೆ! ಈ ಗೆಡ್ಡೆಗೂ ನನಗೂ ಏನು ಸಂಬಂಧ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ ಮೇಷ್ಟ್ರೇ. ಎಳೆ ಬೀಳಿಸಿ ನೀವು ಉಪಕಾರವನ್ನೇ ಮಾಡಿದೀರಿ. ಸೋಮವಾರದ ಎರಡನೇ ಚಿತ್ರದಲ್ಲಿ ಅದೇ ಎಳೆ ಇದೆ. ಅದು ಮೊದಲನೇದರ ನಕಲಾಗಿದ್ರೆ ಎಳೆ ಎಲ್ಲಿಂದ ಬಂತು? ಯಾರೋ ಗುರುವಾರ ಔಷಧಿ ಹಾಕದ ಸ್ಲೈಡನ್ನೇ ಮತ್ತೆ ಇಟ್ಟು ಹೊಸದಾಗಿ ಚಿತ್ರ ತೆಗೆದಿದ್ದಾರೆ. ಕಂಪ್ಯೂಟರಿನ ತಾರೀಕು ಹಿಂದಕ್ಕೆ ತಿರುಗಿಸಿ, ಅವಳ ಚಿತ್ರದ ಜಾಗದಲ್ಲಿ ಇದನ್ನ ಕೂರಿಸಿದ್ದಾರೆ. ಅವಳು ಆಗ ಆಸ್ಪತ್ರೇಲಿದ್ಲು."

"ಗುರುವಾರ ನಾನೂ ಬಂದಿದ್ದೆ," ಎಂದರು ಪ್ರೊಫೆಸರ್ ಮೆಲ್ಲಗೆ.

"ಹೌದು ಸಾರ್. ನೀವು ಮೂರೂ ಜನ ಬಂದಿದ್ರಿ. ಆದ್ರೆ ಚಿತ್ರ ತಲೆಕೆಳಗಾಗಿದ್ದು ಯಾಕೆ? ಕಂಪ್ಯೂಟರಲ್ಲಿ ತಿರುಗಿಸಿದ್ರೆ ಆ ಎಳೆಯೂ ತಿರುಗಿ ಎದುರು ಮೂಲೆಗೆ ಹೋಗ್ಬೇಕಿತ್ತು. ಅದು ತನ್ನ ಜಾಗದಲ್ಲೇ ಇದೆ. ಅಂದ್ರೆ ತಿರುಗಿದ್ದು ಸ್ಲೈಡು. ನಾವೆಲ್ಲ ಚೀಟಿಯ ತುದಿಯನ್ನ ಬಲಗೈಲಿ ಹಿಡಿದು ಇಡ್ತೀವಿ, ಮಾಮನ ಬಾಣ ಬಲಕ್ಕೆ ನೋಡುತ್ತೆ. ನಿಮ್ಮ ಚಿತ್ರಗಳಲ್ಲೂ ಬಲಕ್ಕೇ, ಮೇಷ್ಟ್ರ ಚಿತ್ರಗಳಲ್ಲೂ ಬಲಕ್ಕೇ. ಒಬ್ಬರ ಚಿತ್ರಗಳಲ್ಲಿ ಮಾತ್ರ ಆರು ವರ್ಷದಿಂದ ಎಡಕ್ಕೆ."

ಎಲ್ಲರ ಕಣ್ಣೂ ಸೀನಿಯರ್ ಕಡೆ ಹೊರಳಿತು. ಅವನ ಮುಖ ಸುಣ್ಣದಂತಾಗಿತ್ತು. ಚಿತ್ರ ತಲೆಕೆಳಗಾಗಿದ್ದು ತನ್ನ ಎಡಗೈಯಿಂದಲೇ ಎಂದು ಅವನಿಗೂ ಆಗಲೇ ತಿಳಿದದ್ದು.

"ನನ್ನ ಹನ್ನೆರಡು ಸ್ಲೈಡಲ್ಲಿ ಔಷಧಿ ಕೆಲಸ ಮಾಡಿತ್ತು," ಎಂದ ಕೊನೆಗೆ. "ಉಳಿದವು ಕೆಟ್ಟಿವೆ ಅಂದ್ಕೊಂಡು ಬಿಟ್ಟುಬಿಟ್ಟೆ. ಅವಳು ಬರೆದದ್ದನ್ನ ಓದಿ ಹೆದರಿಬಿಟ್ಟೆ. ಅವಳನ್ನ ಸುಳ್ಳಿ ಮಾಡಿದ್ರೆ ಅವಳ ಬರಹವೂ ಬಿದ್ದುಹೋಗುತ್ತೆ ಅನ್ನಿಸ್ತು. ಅವಳ ಔಷಧಿ ಸ್ಲೈಡ್ ನನ್ನ ಡ್ರಾಯರಲ್ಲಿದೆ. ಒಡೆಯೋಕೆ ಕೈ ಬರಲಿಲ್ಲ."

ಮಾಮ ಓಡಿಹೋಗಿ ಅದನ್ನು ತಂದು ಯಂತ್ರಕ್ಕೆ ಇಟ್ಟ. ಪ್ರೊಫೆಸರ್ ಬಗ್ಗಿ ನೋಡಿದರು.

"ಎಲ್ಲಾ ಬದುಕಿವೆ," ಎಂದರು. "ನೀನು ಬರೆದದ್ದು ನಿಜ ಕಣಮ್ಮ. ನನ್ನ ತಪ್ಪು, ಕೇಳದೆ ನಂಬಿಬಿಟ್ಟೆ. ನಿನ್ನನ್ನ ಯಾರೂ ಹೊರಗೆ ಹಾಕಲ್ಲ."

ಮಾಮನಿಗೆ ಎದೆಯ ಮೇಲಿನ ಚಪ್ಪಡಿಕಲ್ಲು ಇಳಿದಂತಾಯಿತು. ಹುಡುಗಿಯ ಮುಖ ನೋಡಿ ನಗಬೇಕೆಂದು ತಿರುಗಿದ. ಅವಳು ನಗುತ್ತಿರಲಿಲ್ಲ. ಎದ್ದು ಬಂದು ಯಂತ್ರದ ಮುಂದೆ ಕೂತು ಕಣ್ಣಿಟ್ಟಳು. ಸ್ಲೈಡನ್ನು ಈ ತುದಿಯಿಂದ ಆ ತುದಿಯವರೆಗೆ ಸರಿಸಿದಳು, ಮತ್ತೆ ಹಿಂದಕ್ಕೆ ಸರಿಸಿದಳು.

"ಏನಮ್ಮ ಹುಡುಕ್ತಿದೀಯ?" ಎಂದು ಕೇಳಿದ ಮಾಮ.

"ಸತ್ತದ್ದು ಒಂದಾದ್ರೂ ಇದೆಯಾ ಅಂತ, ಮಾಮ."

ದೊಡ್ಡಕ್ಕ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳು. ಹುಡುಗಿ ಮೂರನೆಯ ಸಲ ಮೊದಲಿನಿಂದ ನೋಡತೊಡಗಿದಳು.